ಸಹಿ ಹಾಕುವ ಮುನ್ನ ಒಂದು ಸಮಾಲೋಚನೆ

ನಮ್ಮ ಮನೆಗಳಲ್ಲಿ ಮಗು ಹುಟ್ಟುವ ಮೊದಲೇ ಎಷ್ಟೋ ವಿಷಯಗಳು ತೀರ್ಮಾನವಾಗಿರುತ್ತವೆ. ಹೆಣ್ಣಾದರೆ ಯಾವ ಹೆಸರು, ಗಂಡಾದರೆ ಯಾವ ಹೆಸರು, ಅಕೀಕಾಕ್ಕೆ ಯಾರನ್ನೆಲ್ಲ ಕರೆಯುವುದು, ಸೊಸೆಯನ್ನು ತವರಿಗೆ ಯಾವ ತಿಂಗಳಲ್ಲಿ ಕಳಿಸುವುದು, ಬಾಣಂತಿಗೆ ಎಣ್ಣೆ ಹಚ್ಚಿ ಮೀಯಿಸಲು ಯಾರು ಬರುತ್ತಾರೆ ಎಂದೆಲ್ಲ ಮಾತಾಗಿರುತ್ತದೆ. ಮಾತಾಗದೆ ಉಳಿಯುವುದು ಒಂದೇ ವಿಷಯ. ಅದು ಹೆರಿಗೆ! ನಡುರಾತ್ರಿ ನೋವು ಬಂದರೆ ಯಾವ ವಾಹನ? ಆ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ವೈದ್ಯರು ಇರುತ್ತಾರೆಯೇ? ಸಿಸೇರಿಯನ್ ಆಗಬೇಕೆಂದರೆ ನಾವು ಏನು ಕೇಳಬೇಕು? ನರ್ಸ್ ಒಂದು ಕಾಗದ ಹಿಡಿದು ಬಂದು 'ಬೇಗ ಸಹಿ ಹಾಕಿ' ಎನ್ನುವವರೆಗೂ ಈ ಪ್ರಶ್ನೆಗಳು ನಮ್ಮಲ್ಲಿ ಹುಟ್ಟುವುದೇ ಇಲ್ಲ. ಆಗ ಯೋಚಿಸಲು ಸಮಯವಿರುವುದಿಲ್ಲ, ಕೇಳುವ ಧೈರ್ಯವೂ ಇರುವುದಿಲ್ಲ. ಯಾರ ದೇಹದ ಮೇಲೆ ಶಸ್ತ್ರಚಿಕಿತ್ಸೆ ನಡೆಯಲಿದೆಯೋ ಅವಳು ಬಾಗಿಲ ಒಳಗಿರುತ್ತಾಳೆ, ತೀರ್ಮಾನ ಮಾಡುವವರು ಹೊರಗಿರುತ್ತಾರೆ.

ಈ ಕ್ರಮ ಬದಲಾಗಬೇಕು. ಹೆರಿಗೆಯ ತೀರ್ಮಾನಗಳು ನೋವು ಬರುವ ಮೊದಲೇ, ಗರ್ಭಿಣಿಯನ್ನು ನಡುವೆ ಕೂರಿಸಿಕೊಂಡು, ಸಮಾಲೋಚನೆಯಿಂದ ಆಗಬೇಕು. ಇದು ಹೊಸ ಕಾಲದ ಫ್ಯಾಷನ್ ಅಲ್ಲ. ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದ 233ನೇ ಸೂಕ್ತ ಮಗುವಿಗೆ ಹಾಲುಣಿಸುವ ಕುರಿತು ಹೇಳುತ್ತದೆ. ಮಗುವಿನ ಹಾಲು ಬಿಡಿಸುವ ತೀರ್ಮಾನವನ್ನು ತಂದೆ ತಾಯಿ ಇಬ್ಬರೂ ಪರಸ್ಪರ ಒಪ್ಪಿಗೆಯಿಂದ, ಸಮಾಲೋಚನೆ ನಡೆಸಿ ಕೈಗೊಳ್ಳಬೇಕೆಂಬುದು ಅದರ ಆಶಯ. ಹಾಲು ಬಿಡಿಸುವಂತಹ ಮನೆಯೊಳಗಿನ ವಿಷಯಕ್ಕೇ ತಾಯಿಯ ಒಪ್ಪಿಗೆ ಬೇಕೆಂದರೆ, ಅವಳ ಜೀವವೇ ಪಣಕ್ಕಿರುವ ಹೆರಿಗೆಗೆ ಬೇಡವೇ? ಹುದೈಬಿಯಾದ ಸಂಕಟದ ಗಳಿಗೆಯಲ್ಲಿ ಪ್ರವಾದಿ(ಸ)ರವರು ಪತ್ನಿ ಉಮ್ಮು ಸಲಮಾ(ರ)ರ ಸಲಹೆಯಂತೆ ನಡೆದುಕೊಂಡದ್ದನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಮನೆಯ ಹೆಣ್ಣುಮಗಳ ಮಾತಿಗೆ ಅವಳ ಹೆರಿಗೆಯ ವಿಷಯದಲ್ಲಾದರೂ ಕಿವಿಗೊಡಬೇಕಲ್ಲವೇ?

ಮೊದಲ ವಿಳಂಬ ಮನೆಯಲ್ಲೇ

ತಾಯಂದಿರ ಸಾವಿನ ಕಾರಣಗಳನ್ನು ಅಧ್ಯಯನ ಮಾಡಿದವರು ಮೂರು ವಿಳಂಬಗಳ ಬಗ್ಗೆ ಹೇಳುತ್ತಾರೆ. ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವುದರಲ್ಲಿ ಆಗುವ ವಿಳಂಬ ಮೊದಲನೆಯದು. ಆಸ್ಪತ್ರೆಯನ್ನು ತಲುಪುವುದರಲ್ಲಿ ಆಗುವುದು ಎರಡನೆಯದು. ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವುದರಲ್ಲಿ ಆಗುವುದು ಮೂರನೆಯದು. ರಸ್ತೆ ಮತ್ತು ಆಸ್ಪತ್ರೆಗಳ ಬಗ್ಗೆ ನಾವು ಸರಕಾರವನ್ನು ಕೇಳಬಹುದು, ಕೇಳಲೂ ಬೇಕು. ಆದರೆ ಮೊದಲ ವಿಳಂಬ ನಡೆಯುವುದು ನಮ್ಮ ಹಜಾರದಲ್ಲಿ. ಅದಕ್ಕೆ ಉತ್ತರ ಕೊಡಬೇಕಾದವರು ನಾವೇ.

ಕರಾವಳಿಯ ಎಷ್ಟೋ ಮನೆಗಳಲ್ಲಿ ಪತಿ ಗಲ್ಫ್‌ನಲ್ಲಿರುತ್ತಾನೆ. ಮಾವ ಮಸೀದಿಗೋ ಅಂಗಡಿಗೋ ಹೋಗಿರುತ್ತಾರೆ. 'ಅವರಿಗೆ ಒಂದು ಫೋನ್ ಮಾಡಿ ಕೇಳೋಣ' ಎಂದು ಕಾಯುತ್ತಾ ಕೂರುವ ಆ ಅರ್ಧ ಗಂಟೆ ಕೆಲವೊಮ್ಮೆ ಬಹಳ ದುಬಾರಿಯಾಗುತ್ತದೆ. ಆದ್ದರಿಂದ ಏಳನೇ ತಿಂಗಳಲ್ಲೇ ಮನೆಯವರು ಒಂದು ನಿಯಮ ಮಾಡಿಕೊಳ್ಳಲಿ. ಅಪಾಯದ ಲಕ್ಷಣ ಕಂಡರೆ ಯಾರ ಅನುಮತಿಗೂ ಕಾಯಬೇಕಾಗಿಲ್ಲ. 'ಹೋಗೋಣ' ಎಂದು ಗರ್ಭಿಣಿ ಹೇಳಿದರೆ ಸಾಕು, ಮನೆಯಲ್ಲಿ ಯಾರಿದ್ದಾರೋ ಅವರು ಹೊರಡಿಸಬೇಕು. ಪತಿಗೆ ದಾರಿಯಲ್ಲಿ ಫೋನ್ ಮಾಡಬಹುದು.

ಯಾವುವು ಆ ಲಕ್ಷಣಗಳು? ರಕ್ತಸ್ರಾವ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು. ಫಿಟ್ಸ್. ಜೋರು ಜ್ವರ. ನೋವಿಲ್ಲದಿದ್ದರೂ ನೀರು ಹೋಗುವುದು. ಹೊಟ್ಟೆಯಲ್ಲಿ ಮಗುವಿನ ಚಲನೆ ಎಂದಿಗಿಂತ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ 'ಬೆಳಿಗ್ಗೆ ನೋಡೋಣ' ಎನ್ನಬಾರದು. 108 ಆಂಬುಲೆನ್ಸ್ ಇದೆ. ನಂಬಿಕೆಯ ಒಬ್ಬ ರಿಕ್ಷಾ ಚಾಲಕರ ನಂಬರೂ ಗೋಡೆಯ ಮೇಲಿರಲಿ.

ಸಹಿ ಯಾರದು?

ಪತಿಯ ಸಹಿ ಬಿದ್ದರೆ ಎಲ್ಲ ಮುಗಿಯಿತು ಎಂದು ನಾವು ತಿಳಿದಿದ್ದೇವೆ. ನಮ್ಮ ದೇಶದ ಕಾನೂನು ಹಾಗೆ ಹೇಳುವುದಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಲ್ಲಿ ಮುಖ್ಯವಾದುದು. ತಪಾಸಣೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕಾಯುತ್ತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿರುವಾಗ, ಪ್ರಾಯಕ್ಕೆ ಬಂದ ಮತ್ತು ಬುದ್ಧಿ ಸ್ವಾಧೀನದಲ್ಲಿರುವ ಮಹಿಳೆಯ ಪರವಾಗಿ ಬೇರೆಯವರು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ನ್ಯಾಯಾಲಯ ಹೇಳಿತು. ಚಿಕಿತ್ಸೆ ಏನು, ಏಕೆ, ಅದರ ಅಪಾಯವೇನು, ಬೇರೆ ದಾರಿ ಇದೆಯೇ ಎಂಬುದನ್ನು ರೋಗಿಗೆ ತಿಳಿಸಿದ ನಂತರ ಪಡೆಯುವುದೇ ನಿಜವಾದ ಒಪ್ಪಿಗೆ ಎಂದೂ ಸ್ಪಷ್ಟಪಡಿಸಿತು.

ಅಂದರೆ ಕಾಗದದ ಮೇಲಿನ ಸಹಿಗಿಂತ ಅದರ ಹಿಂದಿನ ತಿಳುವಳಿಕೆ ಮುಖ್ಯ. ನೋವಿನಲ್ಲಿ ನರಳುತ್ತಿರುವ ಹೆಣ್ಣಿಗೆ ಆ ಕ್ಷಣದಲ್ಲಿ ಎಲ್ಲವನ್ನೂ ವಿವರಿಸಲು ಆಗುವುದಿಲ್ಲ. ಹಾಗಾಗಿಯೇ ಈ ಮಾತುಕತೆ ತಿಂಗಳುಗಳ ಮೊದಲೇ ನಡೆದಿರಬೇಕು.

'ಡಾಕ್ಟರರನ್ನು ಪ್ರಶ್ನೆ ಕೇಳಿದರೆ ಸಿಟ್ಟಾಗುತ್ತಾರೆ' ಎಂಬ ಹೆದರಿಕೆ ಹಲವರದು. ಹೊರಗೆ ಐವತ್ತು ಮಂದಿ ಕಾಯುತ್ತಿರುವಾಗ ವೈದ್ಯರಿಗೂ ತಾಳ್ಮೆ ಕಡಿಮೆಯಾಗುವುದು ಸಹಜ. ಅದಕ್ಕೊಂದು ಸುಲಭ ದಾರಿಯಿದೆ. ಮನೆಯಲ್ಲೇ ಕೂತು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು, ತಾಯಿ ಕಾರ್ಡ್‌ನೊಳಗೆ ಇಟ್ಟುಕೊಂಡು ಹೋಗಿ. ಒಂದು ಭೇಟಿಗೆ ಎರಡು ಪ್ರಶ್ನೆ ಸಾಕು. ಗರ್ಭಿಣಿಗೆ ಕನಿಷ್ಠ ಎಂಟು ಬಾರಿ ತಪಾಸಣೆಯಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಹೇಳುತ್ತಿದೆ. ಎಂಟು ಭೇಟಿ ಎಂದರೆ ಹದಿನಾರು ಪ್ರಶ್ನೆಗಳು! ಸೌಜನ್ಯದಿಂದ ಕೇಳಿದ ಪ್ರಶ್ನೆಗೆ ಒಮ್ಮೆಯೂ ಉತ್ತರ ಸಿಗುವುದಿಲ್ಲ ಎಂದಾದರೆ ಬೇರೆ ವೈದ್ಯರನ್ನು ನೋಡಲು ಇನ್ನೂ ಸಮಯವಿರುತ್ತದೆ. ಒಂಬತ್ತನೇ ತಿಂಗಳಲ್ಲಿ ಆ ಸಮಯವಿರುವುದಿಲ್ಲ.

ಸಿಸೇರಿಯನ್: ಎರಡು ಅತಿಗಳು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 21.5 ಹೆರಿಗೆಗಳು ಸಿಸೇರಿಯನ್ ಮೂಲಕ ಆಗಿವೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಶೇ. 14.3. ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4. ನಮ್ಮ ಕರ್ನಾಟಕದಲ್ಲಿ ಒಟ್ಟಾರೆ ಪ್ರಮಾಣವೇ ಶೇ. 31ನ್ನು ದಾಟಿದೆ. ಕಠಿಣ ಸ್ಥಿತಿಯ ಗರ್ಭಿಣಿಯರನ್ನು ದೊಡ್ಡ ಸರಕಾರಿ ಆಸ್ಪತ್ರೆಗಳಿಗೂ ಕಳಿಸುತ್ತಾರೆ. ಆದ್ದರಿಂದ ಖಾಸಗಿಯಲ್ಲಿ ಮೂರು ಪಟ್ಟು ಹೆಚ್ಚು ಸಿಸೇರಿಯನ್ ಆಗುವುದಕ್ಕೆ ವೈದ್ಯಕೀಯ ಕಾರಣವೊಂದನ್ನೇ ಕೊಡುವುದು ಕಷ್ಟ. ಇಡೀ ಜನಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಸಿಸೇರಿಯನ್ ಪ್ರಮಾಣ ಶೇ. 10ನ್ನು ಮೀರಿದ ಮೇಲೆ ತಾಯಿ ಮತ್ತು ನವಜಾತ ಶಿಶುಗಳ ಸಾವು ಇನ್ನಷ್ಟು ಇಳಿಯುವುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಅದೇ ಹೇಳಿಕೆಯಲ್ಲಿ ಇನ್ನೊಂದು ಮಾತೂ ಇದೆ. ಒಂದು ನಿರ್ದಿಷ್ಟ ಪ್ರಮಾಣವನ್ನು ಸಾಧಿಸುವುದು ಗುರಿಯಾಗಬಾರದು, ಅಗತ್ಯವಿರುವ ಪ್ರತಿಯೊಬ್ಬ ಮಹಿಳೆಗೂ ಅದು ಸಿಗುವಂತಾಗಬೇಕು.

ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಳ್ಳಬೇಕು. ನಮ್ಮಲ್ಲಿ ಎರಡು ಅತಿಗಳಿವೆ. ಡಾಕ್ಟರರು ಹೇಳಿದ್ದೆಲ್ಲಕ್ಕೂ ತಲೆಯಾಡಿಸುವುದು ಒಂದು. ಸಿಸೇರಿಯನ್ ಎಂದ ಕೂಡಲೇ 'ದುಡ್ಡಿನಾಸೆ' ಎಂದು ಸೊಸೆಯನ್ನು ಎಬ್ಬಿಸಿಕೊಂಡು ಹೋಗುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಅಪಾಯಕಾರಿ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿರುವಾಗ, ಮಗು ಅಡ್ಡ ಮಲಗಿರುವಾಗ, ಮಗುವಿನ ಹೃದಯ ಬಡಿತ ಕುಸಿಯುತ್ತಿರುವಾಗ ಸಿಸೇರಿಯನ್ ಅಲ್ಲಾಹನು ಮನುಷ್ಯನಿಗೆ ಕಲಿಸಿಕೊಟ್ಟ ಒಂದು ಅನುಗ್ರಹ.

ತುರ್ತು ಇಲ್ಲದಿದ್ದಾಗ ಮೂರು ಪ್ರಶ್ನೆ ಕೇಳಿ. ಏಕೆ ಬೇಕು? ಸ್ವಲ್ಪ ಕಾದರೆ ಏನಾಗಬಹುದು? ಬೇರೆ ದಾರಿ ಇದೆಯೇ? ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಎರಡನೆಯದೂ ಹಾಗೆಯೇ ಆಗಬೇಕೆಂಬ ನಿಯಮವಿಲ್ಲ. ಹಳೆಯ ಹೊಲಿಗೆಯ ಸ್ವರೂಪ, ಮೊದಲ ಸಿಸೇರಿಯನ್‌ಗೆ ಇದ್ದ ಕಾರಣ, ಹೆರಿಗೆಗಳ ನಡುವಿನ ಅಂತರ ಇವನ್ನೆಲ್ಲ ನೋಡಿ ಅನೇಕರಿಗೆ ಸಹಜ ಹೆರಿಗೆಯ ಪ್ರಯತ್ನ ಮಾಡಬಹುದು. ಆದರೆ ತುರ್ತು ಶಸ್ತ್ರಚಿಕಿತ್ಸೆಯ ಸೌಕರ್ಯ ಇರುವ ಆಸ್ಪತ್ರೆಯಲ್ಲಿ ಮಾತ್ರ.

ಇಲ್ಲಿ ಇನ್ನೊಂದು ಕಹಿ ಮಾತನ್ನೂ ಹೇಳಬೇಕು. 2025ರ ಎಪ್ರಿಲ್‌ನಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ನಮ್ಮದೇ ಸಮುದಾಯದ ಮಹಿಳೆಯೊಬ್ಬರು ಮನೆಯಲ್ಲೇ ನಡೆದ ಐದನೇ ಹೆರಿಗೆಯ ನಂತರ ತೀರಿಕೊಂಡರು. ಆಸ್ಪತ್ರೆ ಬೇಡ, ಔಷಧ ಬೇಡ, ಎಲ್ಲವೂ ಪ್ರಕೃತಿಗೆ ಬಿಟ್ಟದ್ದು ಎನ್ನುವ ಪ್ರಚಾರ ಧರ್ಮದ ಬಣ್ಣ ಹಚ್ಚಿಕೊಂಡು ನಮ್ಮ ಕಡೆಗೂ ಬರುತ್ತಿದೆ. ಹೆರಿಗೆಯ ನಂತರದ ರಕ್ತಸ್ರಾವ ಆರೋಗ್ಯವಂತ ತಾಯಿಯನ್ನೂ ಗಂಟೆಗಳೊಳಗೆ ಕೊಲ್ಲಬಲ್ಲದು. ಯಾರಿಗೆ ಆಗುತ್ತದೆಂದು ಮೊದಲೇ ಖಚಿತವಾಗಿ ಹೇಳಲಾಗದು. ನಾಲ್ಕು ಸುಖ ಪ್ರಸವ ಆಗಿರುವುದು ಐದನೆಯದಕ್ಕೆ ಖಾತರಿಯಲ್ಲ. ಹೆರಿಗೆಗಳ ಸಂಖ್ಯೆ ಹೆಚ್ಚಿದಂತೆ ಈ ಅಪಾಯ ಹೆಚ್ಚಬಹುದೇ ಹೊರತು ಇಲ್ಲವಾಗುವುದಿಲ್ಲ. ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬುದು ನಮಗೆ ಕಲಿಸಿದ ಪಾಠ. ಕಟ್ಟದೆ ಬಿಡುವುದಕ್ಕೆ ತವಕ್ಕುಲ್ ಎಂಬ ಹೆಸರಿಲ್ಲ.

ಲೇಡಿ ಡಾಕ್ಟರ್ ಬೇಕೆಂದರೆ

ಮಹಿಳಾ ವೈದ್ಯರೇ ಹೆರಿಗೆ ಮಾಡಿಸಬೇಕೆಂಬ ಬಯಕೆ ನಮ್ಮ ಸಹೋದರಿಯರಲ್ಲಿ ಸಹಜ. ಅದು ಗೌರವಿಸಬೇಕಾದ ಬಯಕೆ. ಆದರೆ ಅದನ್ನು ಹೆರಿಗೆ ಕೋಣೆಯ ಬಾಗಿಲಲ್ಲಿ ಹೇಳಿ ಜಗಳವಾಡಿದರೆ ಪ್ರಯೋಜನವಿಲ್ಲ. ಮೊದಲೇ ಕೇಳಿ ತಿಳಿದುಕೊಳ್ಳಿ. ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ? ಅರಿವಳಿಕೆ ಕೊಡುವವರು ಯಾರು? ಬಟ್ಟೆ ಮತ್ತು ಪರದೆಯ ವಿಷಯದಲ್ಲಿ ಎಷ್ಟು ಅನುಕೂಲ ಮಾಡಿಕೊಡುತ್ತಾರೆ? ಮೊದಲೇ ವಿನಂತಿಸಿದರೆ ಅನೇಕ ಆಸ್ಪತ್ರೆಗಳು ಸಹಕರಿಸುತ್ತವೆ. ಜೀವದ ಪ್ರಶ್ನೆ ಬಂದಾಗ ಮಾತ್ರ ಇಲ್ಲಿ ಯಾವ ಗೊಂದಲವೂ ಬೇಡ. ಮಹಿಳಾ ವೈದ್ಯರು ಲಭ್ಯವಿಲ್ಲದಿದ್ದರೆ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯುವುದಕ್ಕೆ ವಿದ್ವಾಂಸರ ಅಡ್ಡಿಯಿಲ್ಲ. ಇದನ್ನು ಮನೆಯ ಹಿರಿಯರಿಗೂ ಮೊದಲೇ ಮನವರಿಕೆ ಮಾಡಿಸಿರಿ.

ಒಳಗೆ ಜೊತೆಗೊಬ್ಬರು ಇರಬಹುದೇ ಎಂದೂ ಕೇಳಿ. ಹೆರಿಗೆ ಸಮಯದಲ್ಲಿ ತಾಯಿ ಬಯಸಿದ ಒಬ್ಬರು ಪಕ್ಕದಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಅವಕಾಶ ಕೊಡಲು ಕೇಂದ್ರ ಸರಕಾರವೂ 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅಮ್ಮನೋ ಅಕ್ಕನೋ ಬೆನ್ನು ಸವರುತ್ತಾ ಪಕ್ಕದಲ್ಲಿ ಕೂತಿದ್ದರೆ ಹೆಣ್ಣಿನ ಅರ್ಧ ಭಯ ಅಲ್ಲೇ ಇಳಿಯುತ್ತದೆ. ತೊಂದರೆಯಿಲ್ಲದ ಹೆರಿಗೆಯಲ್ಲಿ ನೋವಿನ ನಡುವೆ ನೀರು ಮತ್ತು ಲಘು ಆಹಾರ ಕೊಡಬಹುದೆಂಬುದೂ ಅದೇ ಸಂಸ್ಥೆಯ ಸಲಹೆ. ಹೆರಿಗೆ ನೋವಿನಲ್ಲಿ ಒಂಟಿಯಾಗಿದ್ದ ಮರ್ಯಮ್(ಅ)ರಿಗೆ ಖರ್ಜೂರ ಮತ್ತು ನೀರಿನ ವ್ಯವಸ್ಥೆಯಾದ ಪ್ರಸಂಗವನ್ನು ಪವಿತ್ರ ಕುರ್‌ಆನ್‌ನಲ್ಲಿ ಓದುವ ನಮಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಆದರೂ ನಿಮ್ಮ ಸ್ಥಿತಿಗೆ ಇದು ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಮೊದಲ ಗಂಟೆ ತಾಯಿಯದು

ಮಗು ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ಸಿಗಬೇಕು. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇದು ಸಿಕ್ಕಿದ್ದು ಶೇ. 41.8 ಮಕ್ಕಳಿಗೆ ಮಾತ್ರ. ಉಳಿದ ಮಕ್ಕಳ ಮೊದಲ ಗಂಟೆ ಎಲ್ಲಿ ಹೋಗುತ್ತದೆ? ತೂಕ ನೋಡುವುದು, ಸ್ನಾನ, ಫೋಟೋ, ಕೈಯಿಂದ ಕೈಗೆ ದಾಟುವುದು! ಮಗುವನ್ನು ಒರೆಸಿ ಬೆಚ್ಚಗೆ ಹೊದಿಸಿ ತಾಯಿಯ ಎದೆಯ ಮೇಲೆ ಮಲಗಿಸಿದರೆ ಅದರ ಮೈ ಬಿಸಿ ಉಳಿಯುತ್ತದೆ, ಹಾಲೂ ಬೇಗ ಇಳಿಯುತ್ತದೆ. ಮೊದಲ ಹಳದಿ ಹಾಲು ರೋಗ ನಿರೋಧಕ ಶಕ್ತಿಯ ಗಣಿ. ಅದನ್ನು ಹಿಂಡಿ ಚೆಲ್ಲುವುದು ಮಗುವಿನ ಹಕ್ಕನ್ನು ಚೆಲ್ಲಿದಂತೆ. ಅಝಾನ್ ಹೇಳಲು ಮಗುವನ್ನು ತಾಯಿಯಿಂದ ದೂರ ಒಯ್ಯಬೇಕಾಗಿಲ್ಲ. ಅವಳ ಎದೆಯ ಮೇಲಿರುವಾಗಲೇ ಹೇಳಬಹುದು.

ತಹ್ನೀಕ್ ಬಗ್ಗೆ ಎರಡು ಮಾತು. ಪ್ರವಾದಿ(ಸ)ರವರು ನವಜಾತ ಶಿಶುಗಳ ಅಂಗುಳಿಗೆ ಮೆದುವಾದ ಖರ್ಜೂರವನ್ನು ಸವರುತ್ತಿದ್ದರು. ಮಾಡುವುದಾದರೆ ಮಕ್ಕಳ ವೈದ್ಯರಿಗೆ ಹೇಳಿ, ಕೈಯನ್ನು ಸಾಬೂನಿನಿಂದ ತೊಳೆದು, ಬೆರಳ ತುದಿಗೆ ಅಂಟುವಷ್ಟು ಮಾತ್ರ ಸವರಿ. ತುಂಡು ಬಾಯಿಗೆ ಹೋಗಬಾರದು. ಕೆಮ್ಮು ಅಥವಾ ಬಾಯಿ ಹುಣ್ಣು ಇರುವವರು ಮಾಡಬಾರದು. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ವೈದ್ಯರು ಬೇಡವೆಂದರೆ ಬೇಡ. ಖರ್ಜೂರದ ಬದಲು ಜೇನು ನೆಕ್ಕಿಸುವ ರೂಢಿ ಮಾತ್ರ ಖಂಡಿತ ನಿಲ್ಲಬೇಕು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಟ್ಟರೆ ಬೊಟ್ಯುಲಿಸಂ ಎಂಬ, ಸ್ನಾಯುಗಳನ್ನು ಸೋಲಿಸುವ ಗಂಭೀರ ಕಾಯಿಲೆ ಬರುವ ಅಪಾಯವಿದೆ. ಜೇನಿನಲ್ಲಿ ಶಿಫಾ ಇದೆ ನಿಜ. ಎಳೆಗೂಸಿನ ಕರುಳು ಮಾತ್ರ ಅದಕ್ಕೆ ಇನ್ನೂ ತಯಾರಾಗಿರುವುದಿಲ್ಲ.

ಆರು ತಿಂಗಳವರೆಗೆ ತಾಯಿ ಹಾಲಷ್ಟೇ ಸಾಕು, ನೀರೂ ಬೇಡ. ನಂತರ ಮನೆಯ ಆಹಾರದ ಜೊತೆಗೆ ಎರಡು ವರ್ಷ ಹಾಗೂ ಬೇಕಿದ್ದರೆ ಅದಕ್ಕೂ ಮೇಲೆ ಎದೆಹಾಲು ಮುಂದುವರಿಸಬಹುದು. 'ಹಾಲು ಸಾಲದು' ಎಂದು ಅತ್ತೆಯೋ ನೆರೆಮನೆಯವರೋ ಹೇಳಿದ ಮಾತ್ರಕ್ಕೆ ಪುಡಿ ಹಾಲಿನ ಡಬ್ಬ ತರಬೇಡಿ. ಮಗು ದಿನಕ್ಕೆ ಆರೇಳು ಸಲ ಮೂತ್ರ ಮಾಡುತ್ತಿದೆಯೇ, ತೂಕ ಏರುತ್ತಿದೆಯೇ ಎಂದು ನೋಡಿ. ಸಂಶಯವಿದ್ದರೆ ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ಪುಡಿ ಹಾಲಿನ ಜಾಹೀರಾತನ್ನು ನಮ್ಮ ದೇಶದ ಕಾನೂನು 1992ರಲ್ಲೇ ನಿಷೇಧಿಸಿದೆ. ನಿಜವಾಗಿಯೂ ಬೇಕಾದ ಮಗುವಿಗೆ ವೈದ್ಯರು ಸೂಚಿಸಿದರೆ ಅದನ್ನು ಕೊಡುವುದರಲ್ಲಿ ನಾಚಿಕೆಪಡಬೇಕಾದ್ದೂ ಇಲ್ಲ.

ಬಾಣಂತಿಯ ಮನಸ್ಸು, ಮುಂದಿನ ಮಗು

ನಲವತ್ತು ದಿನ ಬಾಣಂತಿಗೆ ಏನು ತಿನ್ನಿಸಬೇಕೆಂಬುದರಲ್ಲಿ ನಾವು ಪಂಡಿತರು. 'ನಿನ್ನ ಮನಸ್ಸು ಹೇಗಿದೆ?' ಎಂದು ಕೇಳುವುದನ್ನು ಮರೆಯುತ್ತೇವೆ. ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಆದರೆ ಎರಡು ವಾರ ಕಳೆದರೂ ಮಂಕು ಇಳಿಯದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ವೈದ್ಯರನ್ನು ಕಾಣಬೇಕು. ಸಾಯಬೇಕೆನ್ನುವ ಮಾತು ಬಂದರೆ, ಇಲ್ಲದ್ದು ಕಾಣಿಸಿದರೆ ಅಥವಾ ಕೇಳಿಸಿದರೆ ಅದೇ ದಿನ ಕರೆದೊಯ್ಯಬೇಕು. ಇದು ಈಮಾನ್‌ನ ಕೊರತೆಯಲ್ಲ, ಕೆಟ್ಟ ದೃಷ್ಟಿಯೆಂದು ಕೈಬಿಡುವ ವಿಷಯವೂ ಅಲ್ಲ. ಇದೊಂದು ಕಾಯಿಲೆ, ಇದಕ್ಕೆ ಚಿಕಿತ್ಸೆಯಿದೆ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ. ದುಆ ಮಾಡೋಣ, ಔಷಧವನ್ನೂ ಕೊಡಿಸೋಣ.

ಮುಂದಿನ ಗರ್ಭಧಾರಣೆಗೆ ಕನಿಷ್ಠ ಎರಡು ವರ್ಷದ ಅಂತರ ತಾಯಿ ಮಗು ಇಬ್ಬರಿಗೂ ಒಳ್ಳೆಯದು. ಇದಕ್ಕಾಗಿ ತಾತ್ಕಾಲಿಕ ವಿಧಾನ ಅನುಸರಿಸುವುದನ್ನು ಬಹುಪಾಲು ವಿದ್ವಾಂಸರು ಅನುಮತಿಸಿದ್ದಾರೆ. ಹೆರಿಗೆಯಾದ ಕೂಡಲೇ ಕಾಪರ್-ಟಿ ಹಾಕುವ ವ್ಯವಸ್ಥೆ ಸರಕಾರಿ ಆಸ್ಪತ್ರೆಗಳಲ್ಲಿದೆ. ಅದು ಬೇಕೋ ಬೇಡವೋ ಎಂಬುದನ್ನು ಗಂಡ ಹೆಂಡತಿ ಗರ್ಭಾವಸ್ಥೆಯಲ್ಲೇ ಮಾತಾಡಿ ವೈದ್ಯರಿಗೆ ತಿಳಿಸಿರಬೇಕು. ನೋವಿನ ನಡುವೆ ಕೇಳುವ ಪ್ರಶ್ನೆ ಅದಲ್ಲ. ಆ ಹೊತ್ತಿನಲ್ಲಿ ಸಿಗುವ 'ಹೂಂ' ಒಪ್ಪಿಗೆಯೂ ಅಲ್ಲ.

ಖರ್ಚಿನ ಲೆಕ್ಕವನ್ನೂ ಮೊದಲೇ ಮಾಡಿ. ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಿಭಾಗವನ್ನು ಒಮ್ಮೆ ಹೋಗಿ ನೋಡಿ ಬನ್ನಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಇದು ದಾನವಲ್ಲ, ನಮ್ಮ ಹಕ್ಕು.

ಈ ತಿಂಗಳು ನಿಮ್ಮ ಮನೆಯಲ್ಲಿ ಯಾರಿಗಾದರೂ ಏಳು ತುಂಬುತ್ತಿದ್ದರೆ ಒಂದು ಇಶಾ ನಮಾಝ್‌ನ ನಂತರ ಎಲ್ಲರೂ ಅರ್ಧ ಗಂಟೆ ಒಟ್ಟಿಗೆ ಕೂತುಕೊಳ್ಳಿ. ಪತಿ ಊರಲ್ಲಿ ಇಲ್ಲದಿದ್ದರೆ ವೀಡಿಯೋ ಕಾಲ್‌ನಲ್ಲಿ ಇರಲಿ. ಅತ್ತೆಯ ಅನುಭವವೂ ಬೇಕು, ತವರಿನವರ ಮಾತೂ ಬೇಕು. ಆದರೆ ಮೊದಲ ಮಾತು ಗರ್ಭಿಣಿಯದ್ದಾಗಿರಲಿ. ಅವಳಿಗೆ ಯಾವುದರ ಭಯ, ಯಾರು ಜೊತೆಗಿರಬೇಕು, ವೈದ್ಯರಲ್ಲಿ ಏನು ಕೇಳಬೇಕೆಂದಿದೆ ಎಂಬುದನ್ನು ಅವಳೇ ಹೇಳಲಿ. ಅದನ್ನು ಒಬ್ಬರು ಬರೆದುಕೊಂಡು ಆ ಹಾಳೆಯನ್ನು ತಾಯಿ ಕಾರ್ಡ್‌ನೊಂದಿಗೆ ಇಡಲಿ. ಎಣಿಸಿದಂತೆ ಎಲ್ಲವೂ ನಡೆಯದಿರಬಹುದು. ಆದರೆ ಅಂದು ಸಹಿ ಹಾಕುವ ಕೈಗೆ ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ಗೊತ್ತಿರುತ್ತದೆ.